ಮೊಬೈಲ್ ಆಪ್ ಹೇಳಿದಂತೆ ದುಡಿಯುವವರಿಗೆ ಯೂನಿಯನ್‌ನಿಂದ ಏನಾದರೂ ಪ್ರಯೋಜನವಿದೆಯೇ?

ಕಾರ್ಖಾನೆಯಿಲ್ಲ, ಮೇಸ್ತ್ರಿಯಿಲ್ಲ, ಎದುರು ಕೂತು ಮಾತಾಡಲು ಮಾಲೀಕನೂ ಇಲ್ಲ. ಹೀಗಿರುವಾಗ ಆಪ್ ನಂಬಿ ಟ್ಯಾಕ್ಸಿ ಓಡಿಸುವವರು, ಊಟ ತಲುಪಿಸುವವರು ಯೂನಿಯನ್ ಕಟ್ಟಿ ಯಾರ ಬಳಿ ಏನು ಕೇಳಬೇಕು ಅಂತ ಕೇಳಿದ್ದೀರಿ. ಕೇಳುವುದು ಬೇಕಾದಷ್ಟಿದೆ. ಆದರೆ ಕೂಲಿಯ ಮಾತಿಗೆ ಬರುವ ಮೊದಲೇ ಅವರು ಇನ್ನೊಂದು ಜಗಳ ಗೆಲ್ಲಬೇಕು: ತಾವು ಕಾರ್ಮಿಕರು ಅಂತ ಒಪ್ಪಿಸುವ ಜಗಳ. ಕರಾರಿನಲ್ಲಿ ‘ಸ್ವತಂತ್ರ ಗುತ್ತಿಗೆದಾರ’ ಅಂತ ಬರೆದುಬಿಟ್ಟರೆ ಕನಿಷ್ಠ ವೇತನ, ಸಂಬಳಸಹಿತ ರಜೆ ಎಲ್ಲವೂ ಕೈತಪ್ಪುತ್ತವೆ.

ಬ್ರಿಟನ್ನಿನಲ್ಲಿ ನಡೆದದ್ದನ್ನು ನೋಡಿ. ಯಾಸೀನ್ ಅಸ್ಲಮ್, ಜೇಮ್ಸ್ ಫರಾರ್ ಎಂಬ ಊಬರ್ ಚಾಲಕರ ದೂರಿನ ಮೇಲೆ 2016ರಲ್ಲಿ ಕಾರ್ಮಿಕ ನ್ಯಾಯಮಂಡಳಿ ಚಾಲಕರ ಪರ ತೀರ್ಪು ಕೊಟ್ಟಿತು. ಕಂಪನಿ ಮೇಲ್ಮನವಿಯ ಮೇಲೆ ಮೇಲ್ಮನವಿ ಹಾಕುತ್ತಲೇ ಹೋಯಿತು, ಪ್ರತಿ ಹಂತದಲ್ಲೂ ಸೋತಿತು. 2021ರ ಫೆಬ್ರವರಿಯಲ್ಲಿ ಸುಪ್ರೀಂ ಕೋರ್ಟ್ ಕರಾರಿನ ಭಾಷೆಯನ್ನು ಬದಿಗಿಟ್ಟು ಕೆಲಸ ನಿಜವಾಗಿ ಹೇಗೆ ನಡೆಯುತ್ತದೆ ಅಂತ ನೋಡಿತು. ಬಾಡಿಗೆ ನಿಗದಿ ಮಾಡುವುದು ಯಾರು? ಕಂಪನಿ. ಷರತ್ತು ಬರೆಯುವುದೂ ಕಂಪನಿ. ಟ್ರಿಪ್ ಹೆಚ್ಚು ಸಲ ನಿರಾಕರಿಸಿದರೆ ದಂಡನೆ, ರೇಟಿಂಗ್ ಕುಸಿದರೆ ಕೆಲಸಕ್ಕೇ ಸಂಚಕಾರ, ಪ್ರಯಾಣಿಕರ ಜೊತೆ ನೇರ ಸಂಪರ್ಕ ಬೆಳೆಯಲು ಬಿಡುವುದಿಲ್ಲ. ಇವರು ಸ್ವಂತ ವ್ಯಾಪಾರ ಮಾಡುತ್ತಿಲ್ಲ ಅಂತ ಕೋರ್ಟ್ ಹೇಳಿತು. ಇನ್ನೊಂದು ಮುಖ್ಯ ಮಾತು: ಲಾಗಿನ್ ಆಗಿ ಟ್ರಿಪ್‌ಗೆ ಸಿದ್ಧರಾಗಿ ಕಾಯುವ ಹೊತ್ತೂ ಕೆಲಸದ ಹೊತ್ತೇ. ಕಾಯುವುದರಲ್ಲೇ ದಿನದ ಎಷ್ಟೋ ಭಾಗ ಕಳೆಯುವವರಿಗೆ ಇದರ ಬೆಲೆ ಗೊತ್ತು. ಅದೇ ವರ್ಷದ ಮೇ ತಿಂಗಳಲ್ಲಿ ಊಬರ್ ಅಲ್ಲಿನ ಜಿಎಂಬಿ ಯೂನಿಯನ್ನಿಗೆ ಮಾನ್ಯತೆ ಕೊಟ್ಟಿತು, ಅಂದರೆ ಚಾಲಕರ ಪರವಾಗಿ ಮಾತುಕತೆಗೆ ಕೂರುವ ಅದರ ಹಕ್ಕನ್ನು ಒಪ್ಪಿತು.

ಹಾಗಂತ ಎಲ್ಲ ಕಡೆ ಗೆಲುವೇ ಆಗಿಲ್ಲ. ಅದೇ ಕೋರ್ಟು 2023ರ ನವೆಂಬರ್‌ನಲ್ಲಿ ಊಟ ತಲುಪಿಸುವ ಡೆಲಿವರೂ ಕಂಪನಿಯ ರೈಡರ್‌ಗಳ ವಿಷಯದಲ್ಲಿ ಬೇರೆ ದಾರಿ ಹಿಡಿಯಿತು. ಅವರ ಕರಾರಿನಲ್ಲಿ, ನಿಮ್ಮ ಬದಲು ಬೇರೆಯವರನ್ನೂ ಕಳಿಸಬಹುದು ಎಂಬ ಷರತ್ತಿತ್ತು. ಮುಖ್ಯವಾಗಿ ಆ ಒಂದು ಷರತ್ತಿನ ಬಲದಿಂದ ಅವರು ನೌಕರರಲ್ಲ ಎಂದಾಯಿತು, ಕಾನೂನಿನ ಮೂಲಕ ಯೂನಿಯನ್ ಮಾನ್ಯತೆ ಪಡೆಯುವ ಹಾದಿ ಮುಚ್ಚಿತು. ಇದು ನನಗೆ ಈಗಲೂ ಅನ್ಯಾಯವಾಗಿಯೇ ಕಾಣುತ್ತದೆ. ಬದಲಿ ಜನ ಕಳಿಸುವ ಅವಕಾಶವಿದ್ದ ಮಾತ್ರಕ್ಕೆ ಮಳೆಯಲ್ಲಿ ಸೈಕಲ್ ತುಳಿಯುವವನು ಕಂಪನಿಗೆ ಸರಿಸಮಾನನಾಗಿ ಚೌಕಾಸಿ ಮಾಡಬಲ್ಲನೇ?

ಎರಡನೆಯ ಜಗಳ ಲೆಕ್ಕಾಚಾರದ್ದು. ಹಿಂದೆ ಮೇಸ್ತ್ರಿ ಯಾರಿಗೆ ಯಾವ ಕೆಲಸ ಕೊಟ್ಟ, ಯಾರನ್ನು ಯಾಕೆ ತೆಗೆದ ಅನ್ನುವುದು ಎಲ್ಲರ ಕಣ್ಣೆದುರೇ ನಡೆಯುತ್ತಿತ್ತು. ಈಗ ಅದನ್ನೆಲ್ಲ ತೀರ್ಮಾನಿಸುವುದು ಆಲ್ಗರಿದಮ್, ಅಂದರೆ ಆಪ್‌ನೊಳಗೆ ಕಂಪ್ಯೂಟರ್ ಹಾಕುವ ಲೆಕ್ಕ. ಬೆಳಿಗ್ಗೆ ಎದ್ದರೆ ಐಡಿ ಬ್ಲಾಕ್, ಕಾರಣ ಕೇಳಿದರೆ ಸಿದ್ಧ ಉತ್ತರದ ಒಂದು ಮೆಸೇಜು. ಒಬ್ಬರೇ ಎಷ್ಟು ಬಾರಿ ಕೇಳಿದರೂ ಲೆಕ್ಕದ ಒಳಗುಟ್ಟು ಬಿಟ್ಟುಕೊಡುವವರಿಲ್ಲ. ಯೂನಿಯನ್ ನನಗೆ ಅನಿವಾರ್ಯವೆನಿಸುವುದು ಇಲ್ಲೇ. ಸ್ಪೇನ್ 2021ರಲ್ಲಿ ಮಾಡಿದ ಕಾನೂನಿನಂತೆ, ಕೆಲಸದ ಷರತ್ತುಗಳ ಮೇಲೆ ಪರಿಣಾಮ ಬೀರುವ ಆಲ್ಗರಿದಮ್‌ನ ನಿಯಮಗಳನ್ನು ಕಾರ್ಮಿಕ ಪ್ರತಿನಿಧಿಗಳಿಗೆ ತಿಳಿಸಲೇಬೇಕು. ಯುರೋಪಿಯನ್ ಒಕ್ಕೂಟ 2024ರಲ್ಲಿ ಇನ್ನೂ ಮುಂದೆ ಹೋಗಿ, ಖಾತೆ ಮುಚ್ಚುವಂಥ ತೀರ್ಮಾನವನ್ನು ಮನುಷ್ಯರೇ ತೆಗೆದುಕೊಳ್ಳಬೇಕು ಅಂತ ನಿರ್ದೇಶನ ಹೊರಡಿಸಿತು. ಸದಸ್ಯ ದೇಶಗಳು ಅದನ್ನು ಕಾನೂನಾಗಿಸಲು 2026ರ ಡಿಸೆಂಬರ್‌ವರೆಗೆ ಗಡುವಿದೆ.

ನೀವೂ ಇಂಥ ಕೆಲಸದಲ್ಲಿದ್ದರೆ ಇಂದಿನಿಂದಲೇ ದಾಖಲೆ ಇಡಲು ಶುರುಮಾಡಿ. ಲಾಗಿನ್ ಆದ ಹೊತ್ತು, ಕಾದ ಹೊತ್ತು, ಓಡಿದ ದೂರ, ಕೈಗೆ ಬಂದ ಹಣ, ಕಂಪನಿ ಕಳಿಸಿದ ಪ್ರತಿ ಮೆಸೇಜಿನ ಸ್ಕ್ರೀನ್‌ಶಾಟ್ ಎಲ್ಲವೂ ಇರಲಿ. ಐಡಿ ಬ್ಲಾಕ್ ಆದಮೇಲೆ ಆಪ್‌ನೊಳಗಿನ ಮಾಹಿತಿ ನಿಮಗೆ ಕಾಣದೇ ಹೋಗಬಹುದು, ಹಾಗಾಗಿ ಪ್ರತಿಯನ್ನು ಬೇರೆ ಕಡೆ ಇಡಿ. ಜೊತೆಯವರೂ ಹೀಗೇ ಬರೆದಿಟ್ಟರೆ, ಒಂದೇ ದೂರಕ್ಕೆ ಒಬ್ಬೊಬ್ಬರಿಗೆ ಒಂದೊಂದು ದರ ಸಿಗುತ್ತಿದೆಯೇ ಅಂತ ಹೋಲಿಸಿ ನೋಡಬಹುದು. ಯೂನಿಯನ್ ಮಾತುಕತೆಗೆ ಕೂರುವಾಗ ಅದರ ಕೈಯಲ್ಲಿ ಇರಬೇಕಾದದ್ದು ಈ ಲೆಕ್ಕ.