ಹಳೆಯ ಪಾಸ್‌ಬುಕ್ಕಿನ ಐಎಫ್‌ಎಸ್‌ಸಿ ನಡೆಯುತ್ತದೆಯೇ?

ಪ್ರಶ್ನೆ: ಕಲಬುರಗಿಯ ಎಪಿಎಂಸಿಯಲ್ಲಿ ತೊಗರಿ ಮಾರಿದ್ದೇನೆ. ಹಣವನ್ನು ಖಾತೆಗೆ ಹಾಕಲು ಅಡತಿ ಅಂಗಡಿಯವರು ಖಾತೆ ಸಂಖ್ಯೆ ಮತ್ತು ಕೋಡ್ ಕೇಳಿದ್ದಾರೆ. ನನ್ನದು ಸಿಂಡಿಕೇಟ್ ಬ್ಯಾಂಕಿನ ಕಾಲದ ಪಾಸ್‌ಬುಕ್. ಅದರಲ್ಲಿ ಐಎಫ್‌ಎಸ್‌ಸಿ, ಎಂಐಸಿಆರ್ ಎಂಬ ಎರಡು ಕೋಡ್‌ಗಳಿವೆ. ಯಾವುದನ್ನು ಕೊಡಲಿ?
– ಓದುಗರೊಬ್ಬರು, ಸೇಡಂ

ಉತ್ತರ: ಅವರಿಗೆ ಬೇಕಾಗಿರುವುದು ಐಎಫ್‌ಎಸ್‌ಸಿ, ಆದರೆ ಆ ಪಾಸ್‌ಬುಕ್ಕಿನಲ್ಲಿರುವುದನ್ನು ದಯವಿಟ್ಟು ಕೊಡಬೇಡಿ. ಸಿಂಡಿಕೇಟ್ ಬ್ಯಾಂಕ್ 2020ರ ಏಪ್ರಿಲ್ 1ರಂದು ಕೆನರಾ ಬ್ಯಾಂಕಿನಲ್ಲಿ ವಿಲೀನವಾಯಿತು; ಎಸ್‌ವೈಎನ್‌ಬಿ ಎಂದು ಆರಂಭವಾಗುತ್ತಿದ್ದ ಕೋಡ್‌ಗಳು 2021ರ ಜುಲೈ 1ರಿಂದ ರದ್ದಾಗಿ, ಅವುಗಳ ಜಾಗದಲ್ಲಿ ಸಿಎನ್‌ಆರ್‌ಬಿ ಎಂದು ಆರಂಭವಾಗುವ ಕೋಡ್‌ಗಳು ಬಂದಿವೆ. ನಿಮ್ಮ ಶಾಖೆಯಲ್ಲಿ ಹೊಸ ಪಾಸ್‌ಬುಕ್ ಪಡೆದು, ಅದರ ಮೊದಲ ಪುಟದಲ್ಲಿರುವ ಕೋಡನ್ನೇ ಕೊಡಿ. ನಮ್ಮ ಭಾಗದಲ್ಲಿ ಮನೆಮಾತಾಗಿದ್ದ ಸ್ಟೇಟ್ ಬ್ಯಾಂಕ್ ಆಫ್ ಹೈದರಾಬಾದ್ 2017ರಲ್ಲಿ ಸ್ಟೇಟ್ ಬ್ಯಾಂಕ್ ಆಫ್ ಇಂಡಿಯಾದೊಳಗೆ ಸೇರಿತು. ಅದರ ಪಾಸ್‌ಬುಕ್ಕನ್ನು ಇಂದಿಗೂ ಪೆಟ್ಟಿಗೆಯಲ್ಲಿಟ್ಟುಕೊಂಡಿರುವ ಹಿರಿಯರಿಗೂ ಇದೇ ಮಾತು ಅನ್ವಯಿಸುತ್ತದೆ.

ಐಎಫ್‌ಎಸ್‌ಸಿಯಲ್ಲಿ 11 ಅಕ್ಷರ-ಅಂಕಿಗಳಿರುತ್ತವೆ. ಮೊದಲ ನಾಲ್ಕು ಅಕ್ಷರಗಳು ಬ್ಯಾಂಕನ್ನೂ, ಕೊನೆಯ ಆರು ಶಾಖೆಯನ್ನೂ ಸೂಚಿಸುತ್ತವೆ. ನಡುವಿನ ಐದನೆಯದು ಯಾವಾಗಲೂ ಸೊನ್ನೆ. ಕೈಬರಹದ ಚೀಟಿಯಲ್ಲಿ ಅದನ್ನು ಇಂಗ್ಲಿಷಿನ ‘ಓ’ ಅಕ್ಷರವೆಂದು ಓದಿ ತಪ್ಪಾಗಿ ಒತ್ತುವ ಸಂಭವವಿರುವುದರಿಂದ, ಬರೆದುಕೊಡುವ ಬದಲು ಪಾಸ್‌ಬುಕ್ ಪುಟದ ಫೋಟೊ ಕಳುಹಿಸುವುದು ಮೇಲು. ಒಂಬತ್ತು ಅಂಕಿಗಳ ಎಂಐಸಿಆರ್ ಕೋಡ್ ಬೇಕಾಗುವುದು ಚೆಕ್ಕುಗಳ ವಿಲೇವಾರಿಗೆ. ಅಡತಿಯವರು ನೆಫ್ಟ್ ಅಥವಾ ಆರ್‌ಟಿಜಿಎಸ್ ಎಂಬ ವಿಧಾನದಲ್ಲಿ ಬ್ಯಾಂಕಿನಿಂದ ಬ್ಯಾಂಕಿಗೆ ಮಾಡುವ ವರ್ಗಾವಣೆಗೆ ಅದರ ಅಗತ್ಯವಿಲ್ಲ. (ಆರ್‌ಟಿಜಿಎಸ್ ಮೂಲಕ ಕನಿಷ್ಠ 2 ಲಕ್ಷ ರೂಪಾಯಿ ಕಳುಹಿಸಬೇಕು, ನೆಫ್ಟ್‌ಗೆ ಅಂಥ ಮಿತಿಯಿಲ್ಲ.)

ಕೋಡಿಗಿಂತಲೂ ನಾನು ಹೆಚ್ಚು ಒತ್ತಿ ಹೇಳಬೇಕಾದದ್ದು ಖಾತೆ ಸಂಖ್ಯೆಯ ಬಗ್ಗೆ. ನೆಫ್ಟ್‌ನಲ್ಲಿ ಹಣ ಜಮೆಯಾಗುವುದು ಖಾತೆ ಸಂಖ್ಯೆಯ ಆಧಾರದ ಮೇಲೆಯೇ ಹೊರತು ಹೆಸರಿನ ಮೇಲಲ್ಲ. ಕೊಟ್ಟ ಸಂಖ್ಯೆಯ ಖಾತೆಯೇ ಇಲ್ಲದಿದ್ದರೆ ಹಣ ಕಳುಹಿಸಿದವರಿಗೆ ಹಿಂತಿರುಗುತ್ತದೆ. ಆದರೆ ಒಂದಂಕಿ ತಪ್ಪಿ ಆ ಸಂಖ್ಯೆ ಬೇರೊಬ್ಬರದಾಗಿಬಿಟ್ಟರೆ, ವರ್ಷದ ಬೆಳೆಯ ಹಣ ಅವರ ಖಾತೆ ಸೇರಿ, ಅದನ್ನು ವಾಪಸು ಪಡೆಯಲು ಬ್ಯಾಂಕಿಗೆ ಅಲೆಯಬೇಕಾಗುತ್ತದೆ. ಇದನ್ನು ತಪ್ಪಿಸಲೆಂದೇ, ಹಣ ಕಳುಹಿಸುವ ಮೊದಲು ಖಾತೆದಾರರ ಹೆಸರನ್ನು ತೋರಿಸುವ ಸೌಲಭ್ಯವನ್ನು 2025ರ ಏಪ್ರಿಲ್ 1ರೊಳಗೆ ಒದಗಿಸುವಂತೆ ರಿಸರ್ವ್ ಬ್ಯಾಂಕ್ ಬ್ಯಾಂಕುಗಳಿಗೆ ಸೂಚಿಸಿತ್ತು. ಅಡತಿ ಅಂಗಡಿಯವರು ನಿಮ್ಮ ಖಾತೆ ಸಂಖ್ಯೆ ಒತ್ತಿದಾಗ ಕಾಣುವ ಹೆಸರನ್ನು ಗಟ್ಟಿಯಾಗಿ ಓದಿ ಹೇಳಲಿ; ಅದು ನಿಮ್ಮದೇ ಎಂದು ಖಚಿತವಾದ ಬಳಿಕವೇ ಹಣ ಕಳುಹಿಸಲು ತಿಳಿಸಿ.