ಕೆಜಿಎಫ್‌ನ ಸೈನೈಡ್ ದಿಬ್ಬಗಳಲ್ಲಿ ರಕ್ಷಣಾ ಕ್ಷೇತ್ರಕ್ಕೆ ಬೇಕಾದ ಖನಿಜವಿದೆಯೇ?
ಇದೆ, ಗಣಿಯ ಅದಿರನ್ನು ಅರೆದು ಸೈನೈಡ್‌ ಬಳಸಿ ಚಿನ್ನ ತೆಗೆದ ಮೇಲೆ ಉಳಿದ ಮಣ್ಣಿನ ರಾಶಿಗಳಾದ ಕೋಲಾರದ ಈ ದಿಬ್ಬಗಳಲ್ಲಿ ಅಳಿದುಳಿದ ಚಿನ್ನದ ಜೊತೆಗೆ ಷೀಲೈಟ್, ಅಂದರೆ ಟಂಗ್‌ಸ್ಟನ್ ಎಂಬ ಲೋಹದ ಅದಿರು ಕೂಡ ಇದೆ. ಕತ್ತಲೆಯಲ್ಲಿ ನೇರಳಾತೀತ ದೀಪ ಹಿಡಿದರೆ ತಿಳಿನೀಲಿಯಾಗಿ ಹೊಳೆಯುವುದರಿಂದ ಅದನ್ನು ಗುರುತಿಸುವುದು ಸುಲಭ, ಆದರೆ ಹಿಟ್ಟಿನಂತೆ ಅರೆದ ಮಣ್ಣಿನಲ್ಲಿ ಅಲ್ಪ ಪ್ರಮಾಣದಲ್ಲಿ ಹರಡಿರುವ ಅದನ್ನು ಬೇರ್ಪಡಿಸುವುದೇ ದುಬಾರಿ ಕೆಲಸ. ಚಿನ್ನದಷ್ಟೇ ಸಾಂದ್ರವಾದ, ಸುಮಾರು 3,400 ಡಿಗ್ರಿ ಸೆಲ್ಸಿಯಸ್‌ನಲ್ಲಿ ಮಾತ್ರ ಕರಗುವ ಟಂಗ್‌ಸ್ಟನ್ ಕವಚಭೇದಕ ಗುಂಡುಗಳಿಗೆ ಬೇಕು. ಜಗತ್ತಿನ ಉತ್ಪಾದನೆಯ ಬಹುಪಾಲು ಚೀನಾದ ಕೈಯಲ್ಲಿದ್ದು, 2025ರ ಫೆಬ್ರುವರಿಯಲ್ಲಿ ಅದು ರಫ್ತಿನ ಮೇಲೆ ನಿಯಂತ್ರಣ ಹೇರಿತು. ಕೇಂದ್ರ ಸರ್ಕಾರ 2023ರಲ್ಲಿ ಪ್ರಕಟಿಸಿದ 30 ನಿರ್ಣಾಯಕ ಖನಿಜಗಳ ಪಟ್ಟಿಯಲ್ಲಿಯೂ ಟಂಗ್‌ಸ್ಟನ್ ಇದೆ. ಗಣಿ 2001ರಲ್ಲೇ ಮುಚ್ಚಿದರೂ ಗಾಳಿ ಬೀಸಿದಾಗ ದಿಬ್ಬದ ದೂಳು ಇಂದಿಗೂ ಸುತ್ತಲಿನ ಮನೆಗಳೊಳಗೆ ನುಗ್ಗುತ್ತದೆ. ಆದ್ದರಿಂದ ಖನಿಜ ತೆಗೆಯಲು ಈ ದಿಬ್ಬಗಳ ಮರುಸಂಸ್ಕರಣೆಗೆ ಗುತ್ತಿಗೆ ಕೊಡುವುದಾದರೆ ಅದರಲ್ಲಿ ದೂಳು ತಡೆಯುವ ಷರತ್ತು ಇರಲೇಬೇಕೆಂದು ನಾನು ಭಾವಿಸುತ್ತೇನೆ.