ನೀವು ಕೇಳಿದ್ರಿ: ಸೈಕಲ್ ತೊಳೆಯೋಕೆ ಒಂದು ಬಕೆಟ್ ನೀರು ಸಾಕಾ?

ಮಳೆ ಶುರುವಾದ ಮೇಲೆ ಬಂದ ಪ್ರಶ್ನೆಗಳಲ್ಲಿ ಸೈಕಲ್‌ದೇ ಜಾಸ್ತಿ, ಹಾಗಾಗಿ ಈ ಸಲ ಬೇರೆ ಎಲ್ಲಾ ಪಕ್ಕಕ್ಕಿಟ್ಟು ಅದನ್ನೇ ತಗೊಂಡಿದೀವಿ.

ಪ್ರಶ್ನೆ (ಗದಗ ಜಿಲ್ಲೆಯಿಂದ ಒಬ್ಬ ತಾಯಿ): ನಮ್ಮ ಹುಡುಗ ದಿನಾ ಸೈಕಲ್ ಮ್ಯಾಲೆ ಹೈಸ್ಕೂಲಿಗೆ ಹೋಗ್ತಾನ್ರೀ. ಮಳಿ ಬಂತಂದ್ರ ಎರಿ ಮಣ್ಣು ಮಡ್‌ಗಾರ್ಡಿನ್ಯಾಗ ತುಂಬಿ ಗಾಲಿನೇ ತಿರುಗಂಗಿಲ್ಲ. ಬೈಕ್ ತೊಳಿಯೋ ಅಂಗಡಿಗೆ ಒಯ್ದು ಜೋರ್ ನೀರ್ ಹೊಡಸ್ಕೊಂಡ್ ಬರ್ತಾನ. ಮಿರಿಮಿರಿ ಅಂತೈತಿ ಖರೆ, ಆದ್ರ ಈಗ ಪೆಡಲ್ ತುಳಿದ್ರ ಕಟಕಟ ಸಪ್ಪಳ ಬರಾಕತ್ತೈತಿ. ಮನ್ಯಾಗ ಹ್ಯಾಂಗ ತೊಳೀಬೇಕು?

ಉತ್ತರ: ಅಕ್ಕಾ, ಆ ಜೋರು ನೀರಿನ ಮೇಲೇ ನಮಗೆ ಅನುಮಾನ. ಪೆಡಲ್ ತಿರುಗೋ ಜಾಗ, ಎರಡೂ ಗಾಲಿಯ ನಡುವಿನ ಹಬ್ಬು, ಹ್ಯಾಂಡಲ್ ತಿರುಗೋ ಜಾಗ, ಇಲ್ಲೆಲ್ಲಾ ಒಳಗೆ ಬಾಲ್ಸ್, ಅಂದ್ರೆ ಉಕ್ಕಿನ ಸಣ್ಣ ಗುಂಡುಗಳು, ಗ್ರೀಸಿನಲ್ಲಿ ಕೂತಿರ್ತವೆ. ಮಗ್ಗಲ್ಲಿ ಹೊಯ್ದ ನೀರಿಗೆ ಆ ಗ್ರೀಸ್ ಹೋಗಲ್ಲ, ಆದರೆ ಪ್ರೆಶರ್ ಗನ್ ನೀರು ಸಂದಿಯೊಳಗೆ ನುಗ್ಗಿ ಗ್ರೀಸ್ ಹೊರಗೆ ಹಾಕಿ ಮಣ್ಣುನೀರು ಒಳಗೆ ಬಿಟ್ಟು ಬರುತ್ತೆ, ಆಮೇಲೆ ತುಕ್ಕು, ಸಪ್ಪಳ. ಪೆಡಲ್ ತೋಳನ್ನ ಅಚ್ಚಿಗೆ ಬಿಗಿಯಾಗಿ ಹಿಡಿಯೋ ಕಾಟರ್ ಪಿನ್ ಸಡಿಲಾದ್ರೂ ಇದೇ ಥರ ಕಟಕಟ ಅನ್ನುತ್ತೆ, ಅದಕ್ಕೇ ಒಮ್ಮೆ ಸೈಕಲ್ ಶಾಪಿಗೆ ಒಯ್ದು ಮೊದಲು ಪಿನ್ ನೋಡಿಸಿ, ಅದು ಬಿಗಿಯಾಗಿದ್ರೆ ಬಿಚ್ಚಿಸಿ ಹೊಸ ಗ್ರೀಸ್ ಹಾಕಿಸಿ.

ಇನ್ನು ಮನೇಲಿ ತೊಳೆಯೋದು. ಎರೆಮಣ್ಣು ಪೂರ್ತಿ ಹಸಿ ಇದ್ದಾಗ ಕೈ ಹಾಕಿದ್ರೆ ಬರೀ ಮೆತ್ತುತ್ತೆ, ಪೂರ್ತಿ ಒಣಗಿದ ಮೇಲೆ ಬಟ್ಟೇಲಿ ಉಜ್ಜಿದ್ರೆ ಪೇಂಟ್ ಗೀರುತ್ತೆ. ಅರೆಬರೆ ಒಣಗಿದಾಗ ಒಂದು ಮರದ ಕಡ್ಡಿ ತಗೊಂಡು ಮಡ್‌ಗಾರ್ಡ್ ಸಂದಿಯಿಂದ ಹೆಂಟೆ ಹೆಂಟೆಯಾಗಿ ಕೀಳಬೇಕು, ಸ್ಕ್ರೂಡ್ರೈವರ್ ಬೇಡ, ಟಯರ್ ಹರಿಯುತ್ತೆ. ಆಮೇಲೆ ಮಗ್ಗಲ್ಲಿ ಮೇಲಿಂದ ಕೆಳಗೆ ನೀರು ಹೊಯ್ದು ನೆನೆಯೋಕೆ ಬಿಟ್ಟು, ಅರ್ಧ ಬಕೆಟ್ ನೀರಿಗೆ ಸ್ವಲ್ಪ ಶಾಂಪೂ ಹಾಕಿ ಹಳೇ ಬನೀನಲ್ಲಿ ಒರೆಸಿದ್ರೆ ಸಾಕು. ಬಟ್ಟೆ ಒಗೆಯೋ ಪೌಡರ್ ಮತ್ತೆ ಪಾತ್ರೆ ಉಜ್ಜೋ ನಾರು ಎರಡೂ ಬೇಡ, ಪೇಂಟಿನ ಹೊಳಪು ಹೋಗುತ್ತೆ. ಮೊದಲು ಹ್ಯಾಂಡಲ್, ಸೀಟು, ಫ್ರೇಮು, ಕೊನೆಗೆ ಚೈನು, ಅದಕ್ಕೆ ಬೇರೆ ಬಟ್ಟೆ, ಇಲ್ದಿದ್ರೆ ಚೈನಿನ ಕರಿ ಎಲ್ಲಾ ರಿಮ್ಮಿಗೆ ಹತ್ತಿ ಬ್ರೇಕ್ ಜಾರುತ್ತೆ.

ಚೈನ್ ಒರೆಸುವಾಗ ಮಾತ್ರ ಹುಡುಗನಿಗೆ ಗಟ್ಟಿಯಾಗಿ ಹೇಳಿ: ಬಟ್ಟೆ ಕೆಳಗಿನ ಸಾಲಿನಲ್ಲಿ, ಎರಡು ಹಲ್ಲುಚಕ್ರದ ನಡುವೆ ಹಿಡೀಬೇಕು, ಪೆಡಲ್ ನಿಧಾನಕ್ಕೆ ಹಿಂದಕ್ಕೆ ತಿರುಗಿಸಬೇಕು. ಸ್ಟ್ಯಾಂಡ್ ಹಾಕಿ ಮುಂದಕ್ಕೆ ಜೋರಾಗಿ ತಿರುಗಿಸಿ ಬಟ್ಟೆ ಹಿಡಿದ್ರೆ ಬಟ್ಟೆ ಜೊತೆ ಬೆರಳೂ ಚಕ್ರದೊಳಗೆ ಹೋಗುತ್ತೆ. ಪುಟ್ಟ ಮಕ್ಕಳಿದ್ರೆ ದೂರ ಕೂರಿಸಿ. ಚೈನ್ ಪೂರ್ತಿ ಒಣಗಿದ ಮೇಲೆ ಪ್ರತಿ ಕೊಂಡಿಗೂ ಒಂದೇ ಹನಿ ಎಣ್ಣೆ ಬಿಟ್ಟು, ಸ್ವಲ್ಪ ಹೊತ್ತು ತಿರುಗಿಸಿ, ಹೊರಗಿನ ಎಣ್ಣೆ ಒರೆಸಿಬಿಡಿ. ಎಣ್ಣೆ ಕೆಲಸ ಮಾಡೋದು ಕೊಂಡಿ ಒಳಗೆ, ಹೊರಗೆ ಉಳಿದಿದ್ದು ಧೂಳು ಹಿಡಿಯುತ್ತೆ ಅಷ್ಟೆ.

ಪ್ರಶ್ನೆ (ಉಡುಪಿ): ಸಮುದ್ರದ ಹತ್ತಿರ ಮನೆ. ಚೈನು, ರಿಮ್ಮು ಎಲ್ಲಾ ತುಕ್ಕು. ತೆಂಗಿನೆಣ್ಣೆ ಹಚ್ಚಿ ಅಂತಾರೆ, ಪಕ್ಕದ ಮನೆಯವರು ಟಾಯ್ಲೆಟ್ ಆಸಿಡ್ ಹಾಕಿ ಅಂತಾರೆ.

ಉತ್ತರ: ಆಸಿಡ್ ಮುಟ್ಟಲೇಬೇಡಿ, ಅದು ತುಕ್ಕಿನ ಜೊತೆ ಒಳ್ಳೆ ಲೋಹವನ್ನೂ ತಿನ್ನುತ್ತೆ, ಹೊಗೆ ಕಣ್ಣಿಗೆ ಮೂಗಿಗೆ ಹೊಡೆಯುತ್ತೆ, ಅದೇ ನೆಲದ ಮೇಲೆ ಬ್ಲೀಚಿಂಗ್ ಪೌಡರ್ ಬಿದ್ದಿದ್ರೆ ಕ್ಲೋರಿನ್ ಗ್ಯಾಸ್ ಬರುತ್ತೆ. ತೆಂಗಿನೆಣ್ಣೆ ಅಪಾಯ ಅಲ್ಲ, ಆದರೆ ದಿನ ಕಳೆದಂತೆ ಅಂಟಾಗಿ ಮರಳು ಹಿಡ್ಕೊಳ್ಳುತ್ತೆ, ತಲೆಗೇ ಇರಲಿ ಬಿಡಿ. ಹೊಲಿಗೆ ಮಷಿನ್ ಎಣ್ಣೆ ತೆಳ್ಳಗಿದ್ದು ಕೊಂಡಿ ಒಳಗೆ ಇಳಿಯುತ್ತೆ, ಬೇಗ ಆರಿಹೋಗುತ್ತೆ ಅನ್ನೋದೊಂದೇ ತೊಂದರೆ, ಮಳೇಲಿ ಮತ್ತೆ ಮತ್ತೆ ಹಾಕಬೇಕಾಗುತ್ತೆ. ಕ್ರೋಮ್ ರಿಮ್ಮಿನ ಮೇಲ್‌ಮೇಲಿನ ತುಕ್ಕಿಗೆ ತಿಂಡಿ ಸುತ್ತೋ ಅಲ್ಯೂಮಿನಿಯಂ ಫಾಯಿಲ್ ಮುದ್ದೆ ಮಾಡಿ ನೀರಲ್ಲಿ ಅದ್ದಿ ಉಜ್ಜಿ ನೋಡಿ, ಚೆನ್ನಾಗಿ ಬರುತ್ತೆ. ಪೇಂಟ್ ಮೇಲೆ ಮಾತ್ರ ಬೇಡ. ಉಪ್ಪು ತೇವ ಎಳ್ಕೊಳ್ಳುತ್ತೆ, ಹಾಗಾಗಿ ಬೀಚ್ ಕಡೆ ಹೋಗಿಬಂದ ದಿನ ಸಿಹಿನೀರಲ್ಲಿ ಅದ್ದಿದ ಬಟ್ಟೇಲಿ ಒರೆಸಿ, ಒಣ ಬಟ್ಟೇಲಿ ಮತ್ತೊಮ್ಮೆ. ಕೊಂಡಿಗಳೇ ಮಡಚದಷ್ಟು ತುಕ್ಕು ಹಿಡಿದಿದ್ರೆ ಒದ್ದಾಡಬೇಡಿ, ಚೈನ್ ಬದಲಾಯಿಸಿ.

ಪ್ರಶ್ನೆ (ಬೆಂಗಳೂರು): ಫ್ಲ್ಯಾಟ್ ಬಾಲ್ಕನೀಲಿ ಗೇರ್ ಸೈಕಲ್ ಇದೆ. ಚೈನಿಗೆ ಸ್ಪ್ರೇ ಹೊಡೆದ ಮೇಲೆ ಡಿಸ್ಕ್ ಬ್ರೇಕ್ ಕಿರಚುತ್ತೆ, ಸರಿಯಾಗಿ ಹಿಡಿಯಲ್ಲ. ಸ್ಯಾನಿಟೈಸರ್‌ನಲ್ಲಿ ಒರೆಸಬಹುದಾ?

ಉತ್ತರ: ಸ್ಪ್ರೇ ಎಣ್ಣೆ ಹಾರಿ ಡಿಸ್ಕ್ (ಗಾಲಿ ನಡುವಿನ ಬ್ರೇಕ್ ತಟ್ಟೆ) ಮೇಲೂ ಕೂತಿರಬೇಕು. ಸ್ಯಾನಿಟೈಸರ್ ಬೇಡ ಸಾರ್, ಎಷ್ಟೋ ಸ್ಯಾನಿಟೈಸರ್‌ನಲ್ಲಿ ಗ್ಲಿಸರಿನ್ ಇರುತ್ತೆ, ಅದು ಡಿಸ್ಕ್ ಮೇಲೆ ಪದರವಾಗಿ ಉಳಿಯುತ್ತೆ. ಮೆಡಿಕಲ್ ಶಾಪಲ್ಲಿ ಐಸೊಪ್ರೊಪೈಲ್ ಆಲ್ಕೋಹಾಲ್ ಕೇಳಿ, ಹೊಸ ಬಟ್ಟೇಲಿ ಡಿಸ್ಕ್ ಒರೆಸಿ, ಆಮೇಲೆ ಅದಕ್ಕೆ ಬೆರಳು ತಾಗಿಸಬೇಡಿ. ಓಡಿಸಿ ಬಂದ ತಕ್ಷಣ ಅಂತೂ ಮುಟ್ಟಲೇಬೇಡಿ, ಸುಡುತ್ತೆ. ಡಿಸ್ಕನ್ನ ಒತ್ತಿ ಹಿಡಿಯೋ ಪ್ಯಾಡಿಗೆ ಎಣ್ಣೆ ಇಳಿದಿದ್ರೆ ಮೇಲ್ಪದರ ಮರಳು ಕಾಗದದಲ್ಲಿ ಉಜ್ಜಿ ನೋಡಿ, ಆಗಲೂ ಹಿಡೀದಿದ್ರೆ ಹೊಸ ಪ್ಯಾಡ್ ಹಾಕಿಸೋದೇ ದಾರಿ, ಬ್ರೇಕ್ ವಿಷಯದಲ್ಲಿ ದುಡ್ಡು ನೋಡಬೇಡಿ. ಮುಂದಿನ ಸಲ ಸ್ಪ್ರೇ ಬಿಟ್ಟು ಹನಿ ಬಾಟಲಿ ತಗೊಳ್ಳಿ. ಬಾಲ್ಕನೀಲಿ ನೀರು ಸುರಿಯೋ ಅಗತ್ಯನೇ ಇಲ್ಲ, ಒದ್ದೆ ಬಟ್ಟೆ ಸಾಕು, ಕೆಳಗಿನ ಮನೆಯವರು ಒಣಹಾಕಿದ ಬಟ್ಟೆ ಮೇಲೆ ಕರಿ ನೀರು ಬಿದ್ರೆ ಅದೇ ಒಂದು ಜಗಳ. ರೋಡಿಗೆ ಇಳಿಯೋ ಮುಂಚೆ ಪಾರ್ಕಿಂಗ್‌ನಲ್ಲೇ ಒಂದು ಸುತ್ತು ಹೊಡೆದು ಎರಡೂ ಬ್ರೇಕ್ ನೋಡ್ಕೊಳ್ಳಿ.

ಪ್ರಶ್ನೆ (ಮೈಸೂರು, ಕಾಲೇಜ್ ವಿದ್ಯಾರ್ಥಿ): ಚೈನ್ ಜಿಡ್ಡಿಗೆ ಪೆಟ್ರೋಲ್ ಹಾಕಬಹುದಾ? ಬೈಕಿಂದ ತೆಗೆದ ಹಳೇ ಇಂಜಿನ್ ಆಯಿಲ್ ಇದೆ, ಅದನ್ನ ಆಮೇಲೆ ಬಿಡಲಾ?

ಉತ್ತರ: ಎರಡಕ್ಕೂ ಬೇಡ ತಮ್ಮಾ. ಪೆಟ್ರೋಲ್ ಆವಿ ಗಾಳಿಗಿಂತ ಭಾರ, ನೆಲದ ಮೇಲೇ ಹರಿದು ಅಡುಗೆಮನೆ ಒಲೆ ತನಕವೋ ದೇವರ ದೀಪದ ತನಕವೋ ಹೋಗುತ್ತೆ. ಹಳೇ ಆಯಿಲ್‌ನಲ್ಲಿ ಮಸಿ, ಲೋಹದ ಪುಡಿ ಇರುತ್ತೆ, ಚೈನ್ ಇನ್ನೂ ಬೇಗ ಸವೆಯುತ್ತೆ. ಸೀಮೆಎಣ್ಣೆ ಅಥವಾ ಡೀಸೆಲ್ ಸ್ವಲ್ಪವೇ ಸ್ವಲ್ಪ ಬಟ್ಟೆಗೆ ಹಾಕಿ, ಹಳೇ ಟೂತ್‌ಬ್ರಷ್ ಹಿಡಿದು, ಗ್ಲೌಸ್ ಹಾಕ್ಕೊಂಡು ಹೊರಗೆ ಕೂತು ಮಾಡು, ಹತ್ತಿರ ಬೆಂಕಿ ಇರಬಾರದು. ಉಳಿದಿದ್ದನ್ನ ಕೂಲ್‌ಡ್ರಿಂಕ್ಸ್ ಬಾಟಲಿಗೆ ಮಾತ್ರ ತುಂಬಿಡಬೇಡ, ಮಕ್ಕಳು ನೀರು ಅಂತ ಕುಡಿದುಬಿಡ್ತಾರೆ. ಹಾಗೇನಾದ್ರೂ ಆದ್ರೆ ವಾಂತಿ ಮಾಡಿಸೋಕೆ ಹೋಗಬಾರದು, ವಾಂತಿಯಾಗುವಾಗ ಅದು ಶ್ವಾಸಕೋಶಕ್ಕೆ ಇಳಿಯುತ್ತೆ, ನೇರ ಆಸ್ಪತ್ರೆಗೇ ಒಯ್ಯಬೇಕು. ಕೊಳೆ ಸೀಮೆಎಣ್ಣೆ ಚರಂಡಿಗೆ ಚೆಲ್ಲಬೇಡ, ಅದರದ್ದೇ ಡಬ್ಬಿಯಲ್ಲಿ ಮುಚ್ಚಿಟ್ರೆ ಕೊಳೆ ತಳಕ್ಕೆ ಕೂರುತ್ತೆ, ಮೇಲಿನ ತಿಳಿ ಮುಂದಿನ ಸಲಕ್ಕೆ ಆಗುತ್ತೆ.